ಖಜಾನೆಯ ತಾರೀಖು, ದೇವರ ತಿಥಿ

ಅಕ್ಷಯ ತೃತೀಯದ ಬೆಳಿಗ್ಗೆ ಯಾವುದೇ ಊರಿನ ಮದುವೆ ಛತ್ರಕ್ಕೆ ಹೋಗಿ ನೋಡಿ. ವಾಲಗದವರು ಉಸಿರು ಬಿಗಿಹಿಡಿದು ಊದುತ್ತಿರುತ್ತಾರೆ. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಮಂಟಪದವರೆಗೆ ಬಂದಿರುತ್ತದೆ. ಪುರೋಹಿತರು ಸಂಕಲ್ಪ ಹೇಳಿಸುತ್ತಾರೆ: ಕಲಿಯುಗ, ಪ್ರಥಮ ಪಾದ, ಶಾಲಿವಾಹನ ಶಕೆ, ವಿಶ್ವಾವಸು ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ವೈಶಾಖ ಮಾಸ, ಶುಕ್ಲ ಪಕ್ಷ. ಮದುಮಗ ಎಡವುತ್ತ, ಬೆವರುತ್ತ ಹೇಳಿದ್ದನ್ನೇ ಹೇಳುತ್ತಾನೆ. ಛತ್ರದ ರಸೀದಿ ಪುಸ್ತಕದಲ್ಲಿ ಮಾತ್ರ ಅದೇ ದಿನ 30-4-2025, ಬುಧವಾರ.

ಲಗ್ನಪತ್ರಿಕೆಯಲ್ಲಿ ಈ ಎರಡೂ ಅಚ್ಚಾಗಿರುತ್ತವೆ. ಶಕೆ, ಸಂವತ್ಸರ, ತಿಥಿಯ ಸಾಲನ್ನು ಓದುವವರು ಕಡಿಮೆ. ರಜೆ ಹಾಕುವವರು, ರೈಲು ಹಿಡಿಯುವವರು ಅದರ ಕೆಳಗಿನ ಸಾಲು ನೋಡುತ್ತಾರೆ. ಆದರೆ ಆ ದಿನವನ್ನು ಗೊತ್ತುಮಾಡಿದ್ದು ಯಾರೂ ಓದದ ಮೇಲಿನ ಸಾಲೇ.

ಒಂದೇ ಮನೆಯಲ್ಲಿ ಎರಡು ಮೂರು ಕಾಲಗಣನೆ ಜಗಳವಿಲ್ಲದೆ ನಡೆಯುವುದು ನಮಗೆ ಎಷ್ಟು ರೂಢಿಯೆಂದರೆ, ಯಾಕೆ ಹೀಗೆ ಎಂದು ಕೇಳಿಕೊಳ್ಳುವುದೇ ಇಲ್ಲ. ಹೆಚ್ಚು ನಿಖರವಾದ ಕ್ಯಾಲೆಂಡರ್ ಗೆದ್ದಿತು, ಉಳಿದವು ಹಿಂದೆ ಬಿದ್ದವು ಎಂಬುದು ಶಾಲೆಯಲ್ಲಿ ಕಲಿತ ಉತ್ತರ. ಇತಿಹಾಸ ನೋಡಿದರೆ ಗೆಲುವನ್ನು ತೀರ್ಮಾನಿಸಿದವರು ಹೆಚ್ಚಾಗಿ ಕಂದಾಯ ಎತ್ತುವವರು ಮತ್ತು ಸಂಬಳ ಕೊಡುವವರು. ಖಗೋಳಜ್ಞರನ್ನು ಲೆಕ್ಕ ಮಾಡಿಕೊಡಲು ಕರೆಯಲಾಗಿತ್ತು, ಅಷ್ಟೇ.

ಎತ್ತು ಏರಿಗೆ, ಕೋಣ ನೀರಿಗೆ

ಮೂಲ ತಕರಾರು ಆಕಾಶದ್ದು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ, ಮೇಲೆ ಮುಕ್ಕಾಲು ಗಂಟೆ. ಋತುಗಳು ಒಂದು ಸುತ್ತು ಮುಗಿಸಲು 365 ದಿನ, ಮೇಲೆ ಆರು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಹನ್ನೆರಡು ಚಾಂದ್ರಮಾಸ ಕೂಡಿಸಿದರೆ 354 ದಿನ. ವರ್ಷಕ್ಕೆ ಹನ್ನೊಂದು ದಿನ ಖೋತಾ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಸೂರ್ಯ ಚಂದ್ರರನ್ನು ಒಂದೇ ನೊಗಕ್ಕೆ ಕಟ್ಟುವುದೇ ಪಂಚಾಂಗದ ಪಾಡು.

ಇದಕ್ಕೆ ಮನುಷ್ಯರು ಕಂಡುಕೊಂಡ ದಾರಿ ಮೂರು. ಚಂದ್ರನನ್ನು ಬಿಟ್ಟು ಸೂರ್ಯನನ್ನು ಹಿಡಿಯಬಹುದು. ಈಜಿಪ್ಟಿನವರು ಹಾಗೆ ಮಾಡಿದರು, ಅವರಿಂದ ರೋಮನ್ನರು ಕಲಿತರು. ಸೂರ್ಯನನ್ನು ಬಿಟ್ಟು ಚಂದ್ರನನ್ನಷ್ಟೇ ಹಿಡಿಯಬಹುದು, ಅದು ಹಿಜರಿ. ಇಬ್ಬರನ್ನೂ ಹಿಡಿದುಕೊಂಡು ಆಗಾಗ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿ ಸರಿದೂಗಿಸಬಹುದು. ಬ್ಯಾಬಿಲೋನಿನವರು, ಯೆಹೂದ್ಯರು, ಚೀನೀಯರು ಮತ್ತು ನಾವು ಹಿಡಿದದ್ದು ಈ ಕಷ್ಟದ ದಾರಿಯನ್ನು.

19 ಸೌರವರ್ಷ ಹೆಚ್ಚುಕಡಿಮೆ 235 ಚಾಂದ್ರಮಾಸಗಳಿಗೆ ಸಮ ಎಂಬುದು ಬ್ಯಾಬಿಲೋನಿನವರಿಗೆ ಗೊತ್ತಿತ್ತು. ಕ್ರಿ.ಪೂ. 432ರಲ್ಲಿ ಅಥೆನ್ಸಿನ ಮೆಟಾನ್ ಇದನ್ನೇ ಹೇಳಿದ. ಅಂದರೆ 19 ವರ್ಷಗಳಲ್ಲಿ ಏಳು ಅಧಿಕಮಾಸ. ನಮ್ಮ ಪಂಚಾಂಗದ ಸೂತ್ರ ಇನ್ನೂ ಚಂದ: ಯಾವ ಚಾಂದ್ರಮಾಸದಲ್ಲಿ ಸೂರ್ಯ ಹೊಸ ರಾಶಿಗೆ ಕಾಲಿಡುವುದಿಲ್ಲವೋ ಅದೇ ಅಧಿಕಮಾಸ. 2023ರಲ್ಲಿ ಎರಡು ಶ್ರಾವಣ ಬಂದದ್ದು, 2026ರಲ್ಲಿ ಎರಡು ಜ್ಯೇಷ್ಠ ಬೀಳುವುದು ಈ ಲೆಕ್ಕದಿಂದಲೇ. ಗಣೇಶನ ಹಬ್ಬ ಎರಡು ವರ್ಷ ಹಿಂದೆ ಹಿಂದೆ ಸರಿದು, ಮೂರನೇ ವರ್ಷ ಥಟ್ಟನೆ ಮುಂದಕ್ಕೆ ಹಾರುವ ಗುಟ್ಟೂ ಇದೇ.

ಕರಾವಳಿ ಈ ವಿಷಯದಲ್ಲಿ ಬೇರೆಯೇ ಲೋಕ. ತುಳುನಾಡಿನ ಪಗ್ಗು, ಬೇಷ, ಕಾರ್ತೆಲ್, ಆಟಿ ಸೌರಮಾನದ ತಿಂಗಳುಗಳು. ಅಲ್ಲಿ ಹೊಸ ವರ್ಷವೆಂದರೆ ಏಪ್ರಿಲ್ ನಡುವಿನ ಬಿಸು. ಉಡುಪಿಯ ಕೃಷ್ಣಮಠ ಜನ್ಮಾಷ್ಟಮಿಯನ್ನು ಸೌರಮಾನದಂತೆ ಆಚರಿಸುವುದರಿಂದ 2025ರಲ್ಲಿ ಘಟ್ಟದ ಮೇಲಿನ ಕೃಷ್ಣ ಆಗಸ್ಟ್‌ನಲ್ಲೇ ಹುಟ್ಟಿದ, ಉಡುಪಿಯಲ್ಲಿ ವಿಟ್ಲಪಿಂಡಿ ಸೆಪ್ಟೆಂಬರಿಗೆ ಬಂತು. ಯಾರೂ ಇದನ್ನು ತಪ್ಪು ಎನ್ನಲಿಲ್ಲ.

ರಂಜಾನ್ ಸುತ್ತುತ್ತದೆ, ಬೆಳೆ ಸುತ್ತುವುದಿಲ್ಲ

ಹಿಜರಿಯಲ್ಲಿ ಅಧಿಕಮಾಸಕ್ಕೆ ಜಾಗವಿಲ್ಲ. ಪ್ರವಾದಿ ಮೆಕ್ಕಾದಿಂದ ಮದೀನಾಕ್ಕೆ ಹೋದ 622ನೇ ಇಸವಿಯಿಂದ ಎಣಿಸುವ ಈ ಗಣನೆಯನ್ನು ಜಾರಿಗೆ ತಂದವರು ಖಲೀಫ ಉಮರ್. ತಿಂಗಳು ಸೇರಿಸಿ ಸರಿದೂಗಿಸುವುದನ್ನು ಕುರಾನ್ ನಿಷೇಧಿಸಿದ್ದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಉಪವಾಸದ ಮಟ್ಟಿಗೆ ಇದು ನ್ಯಾಯವೇ, ಯಾವ ದೇಶದವರಿಗೂ ಸದಾ ಬೇಸಿಗೆಯ ಉದ್ದ ಹಗಲೇ ಪಾಲಿಗೆ ಬರುವುದಿಲ್ಲ.

ಕಂದಾಯದ ಮಟ್ಟಿಗೆ ಇದು ಪೇಚು. ರೈತ ಕೊಡುವುದು ಕೊಯ್ಲಾದ ಮೇಲೆ, ಕೊಯ್ಲು ಬರುವುದು ಸೂರ್ಯನ ಲೆಕ್ಕದಲ್ಲಿ. ಚಾಂದ್ರವರ್ಷ ಹಿಡಿದು ಕಂದಾಯ ಕೇಳಿದರೆ 32 ಬೆಳೆಗೆ 33 ಸಲ ಕೈಚಾಚಿದಂತೆ. ಅಕ್ಬರನ ಕಾಲದಲ್ಲಿ ಇದಕ್ಕೆಂದೇ ಫಸಲಿ ಎಂಬ ಗಣನೆ ಬಂತು, ಫಸಲಿನ ವರ್ಷ. ಷಹಜಹಾನನ ಕಾಲದಲ್ಲಿ ಅದು ದಖ್ಖನಿಗೂ ಇಳಿಯಿತು. ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹಳೆಯ ಜಮೀನು ಕಾಗದಗಳಲ್ಲಿ ಫಸಲಿ ವರ್ಷ ಕಾಣುವುದು ಹೀಗೆ. ತಮಿಳುನಾಡು, ಆಂಧ್ರದ ಕಂದಾಯ ಇಲಾಖೆಗಳು ಇವತ್ತಿಗೂ ಜುಲೈನಿಂದ ಜೂನ್‌ವರೆಗೆ ಫಸಲಿ ಬರೆಯುತ್ತವೆ. ಮೊಗಲರು ಹೋದರು, ಅವರ ಕಂದಾಯದ ವರ್ಷ ಕಡತದಲ್ಲಿ ಹಾಗೇ ಕುಳಿತಿದೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೌಲೂದಿ ಎಂಬ ಹೊಸ ಶಕೆ ತಂದ, ತಿಂಗಳುಗಳಿಗೂ ವರ್ಷಗಳಿಗೂ ಹೊಸ ಹೆಸರಿಟ್ಟ, ನಾಣ್ಯಗಳ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಕೆತ್ತಿಸಿದ. ಆದರೆ ಒಳಗಿನ ಗಣಿತ ನಾಡಿನ ಪಂಚಾಂಗದ್ದೇ: ಅದೇ ಅಧಿಕಮಾಸ, ಅದೇ ಅರವತ್ತು ವರ್ಷಗಳ ಆವರ್ತ. ನೆಲದ ಬೆಳೆಯೊಂದಿಗೆ ವ್ಯವಹರಿಸುವ ರಾಜನಿಗೆ ಬೇರೆ ಉಪಾಯವಿರಲಿಲ್ಲ. 1799ರಲ್ಲಿ ಟಿಪ್ಪುವಿನೊಂದಿಗೆ ಅವನ ಶಕೆಯೂ ಮುಗಿಯಿತು.

ಅಕ್ಟೋಬರ್ 4ರ ಮರುದಿನ 15

ರೋಮಿಗೆ ಬರೋಣ. ಅಲ್ಲಿ ವರ್ಷಕ್ಕೆ ತಿಂಗಳು ಸೇರಿಸುವ ಅಧಿಕಾರ ಪುರೋಹಿತ ಮಂಡಲಿಗಿತ್ತು. ಬೇಕಾದವರ ಅಧಿಕಾರಾವಧಿ ಹಿಗ್ಗಿಸಲು, ಬೇಡದವರದ್ದು ಕುಗ್ಗಿಸಲು ಅವರು ಅದನ್ನು ಬಳಸಿಕೊಂಡರು. ಕೊನೆಗೆ ಕ್ಯಾಲೆಂಡರಿಗೂ ಋತುವಿಗೂ ಸಂಬಂಧವೇ ತಪ್ಪಿತು. ಜೂಲಿಯಸ್ ಸೀಸರ್ ಕ್ರಿ.ಪೂ. 46ನ್ನು 445 ದಿನಗಳ ವರ್ಷವಾಗಿ ಎಳೆದು ಎಲ್ಲವನ್ನೂ ಸರಿಗೆ ತಂದ. ಮರುವರ್ಷದಿಂದ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು.

ಒಳ್ಳೆಯ ಲೆಕ್ಕವೇ, ಆದರೆ ವರ್ಷಕ್ಕೆ ಹನ್ನೊಂದು ನಿಮಿಷ ಹೆಚ್ಚಾಯಿತು. 128 ವರ್ಷಕ್ಕೆ ಒಂದು ದಿನ. ಯಾರಿಗೂ ಇದು ಬಾಧಿಸಲಿಲ್ಲ, ಚರ್ಚಿನ ಹೊರತು. ಈಸ್ಟರ್ ಹಬ್ಬದ ದಿನ ನಿಗದಿಯಾಗುವುದು ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ದಿನವನ್ನು ಹಿಡಿದು. ಚರ್ಚು ಅದನ್ನು ಮಾರ್ಚ್ 21 ಎಂದು ಇಟ್ಟುಕೊಂಡಿತ್ತು, ಹದಿನಾರನೇ ಶತಮಾನದ ಹೊತ್ತಿಗೆ ನಿಜದಲ್ಲಿ ಅದು ಮಾರ್ಚ್ 11ಕ್ಕೆ ಬಂದಿತ್ತು. ಪೋಪ್ 13ನೇ ಗ್ರೆಗರಿ ಸಮಿತಿ ಮಾಡಿದ. ದಾರಿ ತೋರಿಸಿದ್ದು ಅಲೋಸಿಯಸ್ ಲಿಲಿಯಸ್ ಎಂಬ ವೈದ್ಯ. ಅವನು ತೀರಿಹೋದ ಮೇಲೆ ಅದನ್ನು ಸಮರ್ಥಿಸಿ ದಡ ಸೇರಿಸಿದ್ದು ಕ್ರಿಸ್ಟೋಫರ್ ಕ್ಲೇವಿಯಸ್ ಎಂಬ ಜೆಸ್ವಿಟ್ ಗಣಿತಜ್ಞ. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕವರ್ಷ, ಉಳಿದವಲ್ಲ. ಈ ಒಂದೇ ತಿದ್ದುಪಡಿ 400 ವರ್ಷಗಳಲ್ಲಿ ಮೂರು ದಿನ ಕಡಿಮೆ ಮಾಡಿ ಕೆಲಸ ಮುಗಿಸಿತು.

ಹೆಚ್ಚಾಗಿದ್ದ ಹತ್ತು ದಿನಗಳನ್ನು 1582ರ ಅಕ್ಟೋಬರಿನಲ್ಲಿ ಕಿತ್ತುಹಾಕಲಾಯಿತು. ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರ. ಸ್ಪೇನಿನ ಸಂತ ಆವಿಲದ ತೆರೇಸಾ ತೀರಿಕೊಂಡದ್ದು ಆ ನಾಲ್ಕರ ರಾತ್ರಿ. ಮರುದಿನವೇ ಮಣ್ಣು ಮಾಡಿದರು, ತಾರೀಖು ಮಾತ್ರ ಹದಿನೈದು. ಗೋವೆಯ ಪೋರ್ಚುಗೀಸರಿಗೆ ಸುದ್ದಿ ಹಡಗಿನಲ್ಲಿ ಬರಬೇಕಿತ್ತು, ಅಲ್ಲಿ ಹತ್ತು ದಿನ ಮಾಯವಾದದ್ದು ಮರುವರ್ಷ. ನಮ್ಮ ನೆಲದ ಅಂಚಿಗೆ ಈ ಕ್ಯಾಲೆಂಡರ್ ಮುಟ್ಟಿದ್ದು ಹೀಗೆ, ಬ್ರಿಟಿಷರಿಗಿಂತ ಬಹಳ ಮೊದಲೇ.

ಕ್ಯಾಥೊಲಿಕ್ ರಾಜರು ಕೂಡಲೇ ಒಪ್ಪಿದರು. ಪ್ರಾಟೆಸ್ಟಂಟರಿಗೆ ಪೋಪ್ ಹೇಳಿದ್ದು ಸರಿಯೆಂದು ಗೊತ್ತಿದ್ದೂ ಒಪ್ಪಲು ಮನಸ್ಸಿರಲಿಲ್ಲ. ಇಂಗ್ಲೆಂಡ್ 170 ವರ್ಷ ಹಟ ಹಿಡಿಯಿತು. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಎಂದು ಸಂಸತ್ತು ಕಾನೂನು ಮಾಡಿದಾಗ ಜನ ತಮ್ಮ ಹನ್ನೊಂದು ದಿನ ವಾಪಸು ಕೊಡಿ ಎಂದು ಬೀದಿಗಿಳಿದರು ಎಂಬ ಕತೆ ಬಹಳ ಪ್ರಸಿದ್ಧ. ದಂಗೆ ನಡೆದದ್ದಕ್ಕೆ ಪುರಾವೆ ಇಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಜನಕ್ಕಿಂತ ಹುಷಾರಾಗಿದ್ದದ್ದು ಬೊಕ್ಕಸ. ಮಾರ್ಚ್ 25ಕ್ಕೆ ಶುರುವಾಗುತ್ತಿದ್ದ ಲೆಕ್ಕದ ವರ್ಷ ಹನ್ನೊಂದು ದಿನ ಚಿಕ್ಕದಾಗಲು ಅದು ಬಿಡಲಿಲ್ಲ. ಬ್ರಿಟನ್ನಿನಲ್ಲಿ ಆದಾಯ ತೆರಿಗೆಯ ವರ್ಷ ಇವತ್ತಿಗೂ ಏಪ್ರಿಲ್ 6ಕ್ಕೆ ಆರಂಭವಾಗುವ ವಿಚಿತ್ರಕ್ಕೆ ಇದೇ ಕಾರಣ.

ರಷ್ಯಾ ಕ್ರಾಂತಿಯವರೆಗೂ ಕಾಯಿತು. ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬೀಳುತ್ತಿದ್ದದ್ದು ಅದಕ್ಕೇ. 1918ರ ಜನವರಿ 31ರ ಮರುದಿನವನ್ನು ಲೆನಿನ್ ಸರ್ಕಾರ ಫೆಬ್ರವರಿ 14 ಎಂದಿತು. ರಷ್ಯಾದ ಚರ್ಚು ಒಪ್ಪಲೇ ಇಲ್ಲ, ಅಲ್ಲಿ ಕ್ರಿಸ್‌ಮಸ್ ಈಗಲೂ ಜನವರಿ 7ಕ್ಕೆ.

ಒಂದು ತಿಂಗಳ ಸಂಬಳ ಉಳಿಯಿತು

ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಪ್ರಸಂಗ ಜಪಾನಿನದು. 1872ರ ಕೊನೆಯಲ್ಲಿ ಮೇಜಿ ಸರ್ಕಾರ ಇದ್ದಕ್ಕಿದ್ದಂತೆ ಆಜ್ಞೆ ಹೊರಡಿಸಿತು: ಚಾಂದ್ರಮಾನದ ಹನ್ನೆರಡನೇ ತಿಂಗಳ ಮೂರನೇ ದಿನವೇ 1873ರ ಜನವರಿ 1. ಜನಕ್ಕೆ ಸಿಕ್ಕಿದ ಮುನ್ಸೂಚನೆ ಮೂರು ವಾರ ಚಿಲ್ಲರೆ. ಮುಂದಿನ ವರ್ಷದ ಹಳೆಯ ಮಾದರಿಯ ಕ್ಯಾಲೆಂಡರುಗಳನ್ನು ಆಗಲೇ ಅಚ್ಚು ಹಾಕಿಸಿದ್ದವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಆಧುನಿಕ ಜಗತ್ತಿನ ಜೊತೆ ಹೆಜ್ಜೆ ಹಾಕಬೇಕೆಂಬುದು ಘೋಷಿತ ಉದ್ದೇಶ. ಒಳಗಿನ ಕಾರಣವನ್ನು ಆಗಿನ ಮಂತ್ರಿ ಒಕುಮಾ ಶಿಗೆನೊಬು ಮುಂದೆ ಬಿಚ್ಚಿಟ್ಟ. ಸರ್ಕಾರಿ ನೌಕರರಿಗೆ ಆಗಷ್ಟೇ ತಿಂಗಳ ಸಂಬಳ ಶುರುವಾಗಿತ್ತು. ಹಳೆಯ ಲೆಕ್ಕದಲ್ಲಿ ಬರಲಿದ್ದ ವರ್ಷಕ್ಕೆ ಅಧಿಕಮಾಸವಿತ್ತು, ಹದಿಮೂರು ಸಂಬಳ ಕೊಡಬೇಕಿತ್ತು. ಬೊಕ್ಕಸ ಬರಿದಾಗಿತ್ತು. ಕ್ಯಾಲೆಂಡರ್ ಬದಲಿಸಿದ ಕೂಡಲೇ ಹದಿಮೂರನೇ ಸಂಬಳ ಮಾಯ. ಎರಡೇ ದಿನಕ್ಕೆ ಮುಗಿದುಹೋದ ಹನ್ನೆರಡನೇ ತಿಂಗಳ ಸಂಬಳವನ್ನೂ ಕೊಡದೆ ಜಾರಿಕೊಂಡರು.

ಇದು ಹಳೆಯ ಕಾಲದ ಚಾಲಾಕಿ ಎಂದುಕೊಳ್ಳಬೇಡಿ. ತೈಲದ ಬೆಲೆ ಬಿದ್ದಿದ್ದ 2016ರಲ್ಲಿ ಸೌದಿ ಅರೇಬಿಯಾ ಸರ್ಕಾರಿ ಸಂಬಳವನ್ನು ಹಿಜರಿ ತಿಂಗಳಿಂದ ಗ್ರೆಗೋರಿಯನ್ ತಿಂಗಳಿಗೆ ಬದಲಿಸಿತು. ನೌಕರರು ವರ್ಷಕ್ಕೆ ಹನ್ನೊಂದು ದಿನ ಹೆಚ್ಚು ದುಡಿದರು, ಸಂಬಳ ಅಷ್ಟೇ ಇತ್ತು. ರಂಜಾನ್, ಹಜ್ ಎಂದಿನಂತೆ ಚಂದ್ರನ ಜೊತೆಗೇ ಉಳಿದವು.

ವಾರದ ಮೇಲೆ ಕೈಯಿಟ್ಟವರು

ಹತ್ತು ದಿನ ಕಿತ್ತರೂ 1582ರಲ್ಲಿ ಗುರುವಾರದ ನಂತರ ಶುಕ್ರವಾರವೇ ಬಂತು ಎಂಬುದನ್ನು ಗಮನಿಸಿ. ಏಳು ದಿನದ ವಾರಕ್ಕೆ ಆಕಾಶದಲ್ಲಿ ಯಾವ ಗಟ್ಟಿ ಆಧಾರವೂ ಇಲ್ಲ, ಆದರೂ ಅದರಷ್ಟು ಗಟ್ಟಿ ಯಾವುದೂ ಇಲ್ಲ. ಫ್ರೆಂಚ್ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನದ ವಾರ ತಂದರು. ಒಂಬತ್ತು ದಿನ ದುಡಿದು ಹತ್ತನೇ ದಿನ ಬಿಡುವು ಅಂದರೆ ಯಾರಿಗೆ ಬೇಕು? ನೆಪೋಲಿಯನ್ 1806ರ ಜನವರಿ 1ರಿಂದ ಕ್ರಾಂತಿಯ ಆ ಕ್ಯಾಲೆಂಡರನ್ನೇ ಕೈಬಿಟ್ಟ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ವಾರ ಮಾಡಿ, ಕಾರ್ಮಿಕರನ್ನು ಐದು ಗುಂಪು ಮಾಡಿ, ಕಾರ್ಖಾನೆ ಒಂದು ದಿನವೂ ನಿಲ್ಲದಂತೆ ನೋಡಿಕೊಂಡಿತು. ಗಂಡನ ರಜೆ ಒಂದು ದಿನ, ಹೆಂಡತಿಯದ್ದು ಇನ್ನೊಂದು ದಿನ. 1940ರಲ್ಲಿ ಭಾನುವಾರ ಮರಳಿ ಬಂತು.

ಬಾದಾಮಿಯ ಬಂಡೆ

ನಮ್ಮ ಶಕೆಯ ಕತೆಯಲ್ಲೂ ರಾಜಸತ್ತೆಯ ನೆರಳಿದೆ. ಕ್ರಿ.ಶ. 78ಕ್ಕೆ ಆರಂಭವಾಗುವ ಶಕವರ್ಷ ಮೊದಲು ಪಶ್ಚಿಮ ಭಾರತದಲ್ಲಿ ಶಕ ಅರಸರ ಬಳಕೆಯಲ್ಲಿತ್ತು. ಕರ್ನಾಟಕದಲ್ಲಿ ಅದು ಖಚಿತವಾಗಿ ಕಾಣುವುದು ಬಾದಾಮಿಯ ಬಂಡೆಯ ಮೇಲೆ, ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ ಶಕ 465ರ ಶಾಸನದಲ್ಲಿ, ಎಂದರೆ ಕ್ರಿ.ಶ. 543. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಶಕ 556ರ ಜೊತೆ ಕಲಿವರ್ಷವನ್ನೂ ಕೊಟ್ಟಿದ್ದಾನೆ. ಶಾಲಿವಾಹನನ ಹೆಸರು ಈ ಶಕೆಗೆ ಅಂಟಿದ್ದು ಶತಮಾನಗಳ ನಂತರ.

ಕಲ್ಯಾಣದ ಆರನೇ ವಿಕ್ರಮಾದಿತ್ಯನಿಗೆ ಇನ್ನೊಬ್ಬರ ಶಕೆ ಸಾಕೆನಿಸಿತು. 1076ರಲ್ಲಿ ಪಟ್ಟಕ್ಕೆ ಬಂದವನೇ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಅವನು ಐವತ್ತು ವರ್ಷ ಆಳಿದ. ಆ ಕಾಲದ ನೂರಾರು ಕನ್ನಡ ಶಾಸನಗಳು ಈ ವರ್ಷವನ್ನೇ ಹೇಳುತ್ತವೆ. ಚಾಲುಕ್ಯರು ಮರೆಯಾದಂತೆ ಅದೂ ಮಸುಕಾಯಿತು, ಶಾಸನಗಳು ಮತ್ತೆ ಶಕವರ್ಷಕ್ಕೆ ಮರಳಿದವು. ಶಕೆ ಉಳಿಯಲು ಜ್ಯೋತಿಷ ಗ್ರಂಥಗಳು ಅದನ್ನೇ ಲೆಕ್ಕಕ್ಕೆ ಬಳಸುತ್ತಿದ್ದದ್ದು ದೊಡ್ಡ ಕಾರಣ. ಪಂಚಾಂಗ ಬರೆಯುವವನಿಗೆ ಯಾವ ರಾಜ ಬಂದರೇನು, ಕೂಡಿ ಕಳೆಯಲು ಒಂದು ನಿಂತ ಸಂಖ್ಯೆ ಬೇಕು.

ಸಾಹಾ ಸಮಿತಿಯ ಸೋಲು

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳಿದ್ದವು. 1952ರಲ್ಲಿ ಸರ್ಕಾರ ಭೌತವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ನೇಮಿಸಿತು, 1955ರಲ್ಲಿ ವರದಿ ಬಂತು. ವರದಿ ಬೆರಳಿಟ್ಟು ತೋರಿಸಿದ ದೋಷ ಗಂಭೀರವಾದದ್ದು.

ನಮ್ಮ ಸೂರ್ಯಸಿದ್ಧಾಂತದ ವರ್ಷ ನಕ್ಷತ್ರಗಳನ್ನು ಹಿಡಿದ ವರ್ಷ. ಭೂಮಿಯ ಅಕ್ಷ ನಿಧಾನವಾಗಿ ಹೊರಳುವುದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಹಳೆಯ ಲೆಕ್ಕದ ಚಿಕ್ಕ ತಪ್ಪನ್ನೂ ಸೇರಿಸಿದರೆ ಅಂತರ 24 ನಿಮಿಷ. ಅಂದರೆ ಅರವತ್ತು ವರ್ಷಕ್ಕೆ ಒಂದು ದಿನ ಹಬ್ಬ ಋತುವಿನಿಂದ ಸರಿಯುತ್ತದೆ. ಉತ್ತರಾಯಣದ ಪುಣ್ಯಕಾಲವೆನ್ನುವ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ, ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಆಸುಪಾಸು. ಎರಡೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ. ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು, ಆ ತಾರೀಖು 1863ರ ಜನವರಿ 12. ಅಲ್ಲಿಂದ ಇಲ್ಲಿಗೆ ಹಬ್ಬ ಎಷ್ಟು ಜರುಗಿದೆ ನೋಡಿ. ಅದರಲ್ಲಿ ಒಂದು ದಿನ ಮಾತ್ರ 1900ನೇ ಇಸವಿ ಅಧಿಕವರ್ಷವಲ್ಲದ್ದರ ಲೆಕ್ಕಕ್ಕೆ ಹೋಗುತ್ತದೆ.

ರೈತರ ಮಳೆ ನಕ್ಷತ್ರಗಳಿಗೂ ಇದು ತಾಗುತ್ತದೆ. ಸೂರ್ಯ ಒಂದು ನಕ್ಷತ್ರದಲ್ಲಿರುವುದು ಹದಿಮೂರು ಹದಿನಾಲ್ಕು ದಿನ. ಸಾವಿರ ವರ್ಷಕ್ಕೆ ಸರಿಯುವುದು ಹೆಚ್ಚುಕಡಿಮೆ ಅಷ್ಟೇ. ಸಾವಿರ ವರ್ಷದ ಹಿಂದೆ ಹಿರಿಯರು ಆರಿದ್ರಾ ಮಳೆ ಎಂದು ಕಂಡ ಹದ ಇವತ್ತು ಒಂದು ನಕ್ಷತ್ರ ಹಿಂದೆ, ಮೃಗಶಿರಾ ಲೆಕ್ಕದಲ್ಲಿ ಬರುತ್ತದೆ. ಮಳೆ ಕೈಕೊಟ್ಟಿತೆಂದು ಹವಾಮಾನ ಇಲಾಖೆಯನ್ನು ಬೈಯುವ ಮುನ್ನ ಇದನ್ನೂ ಗಣಿಸಬೇಕು.

ಸಮಿತಿ ಋತುವಿಗೆ ಹೊಂದುವ ರಾಷ್ಟ್ರೀಯ ಶಕ ಕ್ಯಾಲೆಂಡರ್ ಕೊಟ್ಟಿತು. ಚೈತ್ರ 1 ಎಂದರೆ ಮಾರ್ಚ್ 22, ಅಧಿಕವರ್ಷದಲ್ಲಿ ಮಾರ್ಚ್ 21. ವೈಶಾಖದಿಂದ ಭಾದ್ರಪದದವರೆಗೆ 31 ದಿನ, ಉಳಿದವಕ್ಕೆ 30, ಅಧಿಕವರ್ಷದಲ್ಲಿ ಚೈತ್ರಕ್ಕೂ 31. ಸರಳ, ಅಚ್ಚುಕಟ್ಟು. 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ಕ್ಕೆ ಜಾರಿಯಾಯಿತು. ಸಾಹಾ ಅದನ್ನು ನೋಡಲಿಲ್ಲ, 1956ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಕೇಂದ್ರ ಸರ್ಕಾರದ ರಾಜ್ಯಪತ್ರದ ಮೇಲೆ ಈ ತಾರೀಖು ಅಚ್ಚಾಗುತ್ತದೆ. ಇದನ್ನು ಬರೆದ ಚೆಕ್ಕನ್ನು ಬ್ಯಾಂಕು ಮಾನ್ಯ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬರೆಯುವವರು ಎಲ್ಲಿದ್ದಾರೆ? ಸಂಬಳ, ಶಾಲೆ, ರೈಲು ಇಂಗ್ಲಿಷ್ ತಾರೀಖಿಗೆ ಕಟ್ಟಿಕೊಂಡಿವೆ. ಹಬ್ಬ, ಮುಹೂರ್ತ, ಶ್ರಾದ್ಧ ಹಳೆಯ ಪಂಚಾಂಗಕ್ಕೆ. ರಾಷ್ಟ್ರೀಯ ಕ್ಯಾಲೆಂಡರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಮೇಲಾಗಿ ಅದರ ಚೈತ್ರ 1 ನಮ್ಮ ಯುಗಾದಿಯಲ್ಲ. 2025ರಲ್ಲಿ ಒಂದು ಮಾರ್ಚ್ 22ಕ್ಕೆ, ಇನ್ನೊಂದು ಮಾರ್ಚ್ 30ಕ್ಕೆ. ಪಕ್ಕದ ನೇಪಾಳದಲ್ಲಿ ಸರ್ಕಾರಿ ಕಚೇರಿಗಳು ವಿಕ್ರಮ ಸಂವತ್ಸರದಲ್ಲೇ ನಡೆಯುತ್ತವೆ, ತಿಂಗಳಿಗೆ 29ರಿಂದ 32 ದಿನದ ತೊಡಕಿದ್ದರೂ ಜನ ಬಳಸುತ್ತಾರೆ, ಏಕೆಂದರೆ ಬಜೆಟ್ಟೂ ಸಂಬಳವೂ ಅದರಲ್ಲೇ ಇವೆ. ವೈಜ್ಞಾನಿಕವಾಗಿ ಸಾಹಾ ಸಮಿತಿಯ ಕ್ಯಾಲೆಂಡರಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅದನ್ನು ಖಜಾನೆಯೂ ಕೇಳಲಿಲ್ಲ, ದೇವಸ್ಥಾನವೂ ಕೇಳಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಹಳೆಯ ಕ್ರಯಪತ್ರ, ಜಾತಕ, ಕಡತ ಇದ್ದರೆ ಅದರಲ್ಲಿರುವ ವರ್ಷವನ್ನು ಮೊದಲು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ದಕ್ಷಿಣದ ಫಸಲಿಗೆ 590. ಜನವರಿಯಿಂದ ಯುಗಾದಿಯೊಳಗಿನ ಶಕ ದಿನವಾದರೆ 79 ಕೂಡಿಸಬೇಕು, ಜನವರಿಯಿಂದ ಜೂನ್‌ವರೆಗಿನ ಫಸಲಿಯಾದರೆ 591. ಸಂವತ್ಸರದ ಹೆಸರು, ತಿಥಿ, ವಾರ ಮೂರೂ ಇದ್ದರೆ ದಿನವನ್ನು ತಾಳೆ ನೋಡಬಹುದು. ಇಂಗ್ಲಿಷ್ ತಾರೀಖಿಗೆ ತಿರುಗಿಸಿ ಮೂಲವನ್ನು ಬಿಟ್ಟುಬಿಟ್ಟರೆ, ತಿರುಗಿಸುವಾಗ ಆದ ತಪ್ಪನ್ನು ಹಿಡಿಯಲು ಆಮೇಲೆ ಏನೂ ಉಳಿಯುವುದಿಲ್ಲ.